ಹುಲ್ಲು ಕತ್ತರಿಸಲು ಯಾವ ಯಂತ್ರ? ಕಪ್ಪೆ, ಹಾವುರಾಣಿ, ಜೇನ್ನೊಣಗಳನ್ನೂ ಲೆಕ್ಕಕ್ಕೆ ಹಿಡಿದು ಆರಿಸೋಣ

ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಮೋಟಾರಿಗೆ ಎಷ್ಟು ಶಕ್ತಿ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಒಂದು ಸಲಕ್ಕೆ ಎಷ್ಟು ಅಗಲ ಕತ್ತರಿಸುತ್ತದೆ? ಹೆಣಭಾರವೋ, ಹಗುರವೋ? ಇವೆಲ್ಲ ಕೇಳಬೇಕಾದ್ದೇ. ಆದರೆ ಹುಲ್ಲಿನ ಬುಡದಲ್ಲಿ ಕೂತಿರುವ ಕಪ್ಪೆಗೆ ಈ ಯಂತ್ರದಿಂದ ಏನಾಗುತ್ತದೆ ಅಂತ ಕೇಳುವವರು ತೀರಾ ಕಡಿಮೆ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಮನೆ ಸುತ್ತ ಬೆಳೆದ ಹುಲ್ಲಿನೊಳಗೆ ಕಪ್ಪೆ, ಹಾವುರಾಣಿ, ಓತಿಕ್ಯಾತ, ಬಸವನಹುಳು, ಜೇಡ, ಮಿಡತೆ, ಚಿಟ್ಟೆಯ ಮರಿಹುಳು, ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಜೇನ್ನೊಣ, ಎಲ್ಲ ಇರುತ್ತವೆ. ಕೆಲವು ಕಡೆ ಮೊಲದ ಮರಿ ಇರುತ್ತದೆ. ನೆಲದ ಮೇಲೇ ಗೂಡು ಕಟ್ಟುವ ಹಕ್ಕಿ ಇರುತ್ತದೆ. ಇವುಗಳಿಗೆ ಯಾವ ಯಂತ್ರದಿಂದ ಅಪಾಯ ಕಡಿಮೆ, ಯಾವುದರಿಂದ ಜಾಸ್ತಿ ಅನ್ನುವುದು ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ.

ಹೋಲಿಸುವುದಕ್ಕೆ ಒಂದು ಅಳತೆ ಬೇಕಲ್ವಾ? ನಾನು ಮೂರು ವಿಷಯ ನೋಡುತ್ತೇನೆ. ಯಂತ್ರ ಬರುವಷ್ಟರಲ್ಲಿ ಜೀವಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದಾ? ಯಂತ್ರ ಹಿಡಿದವರ ಕಣ್ಣಿಗೆ ನೆಲ ಕಾಣುತ್ತದಾ? ಬ್ಲೇಡು ನೆಲದಿಂದ ಎಷ್ಟು ಮೇಲೆ ಓಡುತ್ತದೆ?

ಓಡುವವು, ಅವಿತು ಕೂರುವವು

"ಸದ್ದು ಕೇಳಿದರೆ ಅವೇ ಓಡಿ ಹೋಗುತ್ತವೆ ಬಿಡಿ" ಅನ್ನುವ ಮಾತು ಬಹಳ ಸಲ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಈ ಅರ್ಧ ನಿಜವನ್ನು ನಂಬಿಕೊಂಡೇ ತುಂಬಾ ಪ್ರಾಣಿಗಳು ಸಾಯುತ್ತವೆ.

ಓಡುವವು ಇವೆ, ನಿಜ. ಹಾವುರಾಣಿ, ಓತಿಕ್ಯಾತ, ಇಲಿ, ದೊಡ್ಡ ಮಿಡತೆ ಓಡುತ್ತವೆ. ಬಹಳಷ್ಟು ಹಾವುಗಳೂ ಸರಿದು ಹೋಗುತ್ತವೆ. ನೆಲ ಅದುರುವುದು ಹಾವಿಗೆ ದವಡೆಯ ಮೂಳೆಯ ಮೂಲಕ ಗೊತ್ತಾಗುತ್ತದೆ. ಆದರೆ ಇವುಗಳ ಓಟಕ್ಕೂ ಒಂದು ಷರತ್ತಿದೆ. ಹಲ್ಲಿ, ಹಾವುಗಳಿಗೆ ಮೈ ಬಿಸಿ ಹೊರಗಿನಿಂದಲೇ ಬರಬೇಕು. ಬಿಸಿಲು ಬೀಳುವ ಮುಂಚೆ, ತಣ್ಣಗಿನ ಹೊತ್ತಿನಲ್ಲಿ ಅವಕ್ಕೆ ಓಡಬೇಕು ಅನಿಸಿದರೂ ಮೈ ಕೇಳುವುದಿಲ್ಲ.

ಇನ್ನೊಂದು ಗುಂಪು ಓಡುವುದೇ ಇಲ್ಲ. ಕಪ್ಪೆಯನ್ನೇ ನೋಡಿ. ಅಪಾಯ ಹತ್ತಿರವಾದಂತೆ ಅದು ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ. ಮುಂಗಾಲು ಒಳಕ್ಕೆ ಎಳೆದುಕೊಳ್ಳುತ್ತದೆ. ತಲೆ ತಗ್ಗಿಸಿ ಅಲ್ಲಾಡದೆ ಕೂರುತ್ತದೆ. ಬೆನ್ನಿನ ಬಣ್ಣ ಮಣ್ಣಿನದೇ ಆದ್ದರಿಂದ ಎರಡು ಅಡಿ ದೂರದಿಂದಲೂ ಕಾಣುವುದಿಲ್ಲ. ಇನ್ನು ಆಗುವುದಿಲ್ಲ ಅನಿಸಿದಾಗ ಕೊನೇ ಗಳಿಗೆಯಲ್ಲಿ ಹಾರುತ್ತದೆ. ಹಾರುವುದು ಮೇಲಕ್ಕೆ, ಅಂದರೆ ಸರಿಯಾಗಿ ಬ್ಲೇಡು ತಿರುಗುವ ಎತ್ತರಕ್ಕೆ.

ಕಣ್ಣಿನಿಂದ ಹುಡುಕಿ ಬೇಟೆಯಾಡುವ ಹಕ್ಕಿಯಿಂದಲೋ ಬೆಕ್ಕಿನಿಂದಲೋ ತಪ್ಪಿಸಿಕೊಳ್ಳಲು ಇದು ಒಳ್ಳೆಯ ಉಪಾಯ. ಯಂತ್ರದ ಮುಂದೆ ಉಪಯೋಗವಿಲ್ಲ. ಅದು ಯಾರನ್ನೂ ಹುಡುಕುತ್ತಿಲ್ಲ. ಎದುರಿಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿಕೊಂಡು ಹೋಗುತ್ತದೆ, ಅಷ್ಟೆ. ಮೊಲದ ಮರಿಯೂ ಹೀಗೇ ಮೈಯೊತ್ತಿ ಮಲಗುತ್ತದೆ. ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿ ತೀರಾ ಹತ್ತಿರ ಬರುವ ತನಕ ಏಳುವುದಿಲ್ಲ. ಮಂಡಲದ ಜಾತಿಯ ಹಾವುಗಳು ಬಣ್ಣದ ಮೇಲೆ ಭರವಸೆಯಿಟ್ಟು ಇದ್ದಲ್ಲೇ ಇರುತ್ತವೆ. ಯುರೋಪಿನ ಹಿತ್ತಿಲುಗಳಲ್ಲಿ ಓಡಾಡುವ ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ಚೆಂಡಿನ ಹಾಗೆ ಸುತ್ತಿಕೊಂಡು ಕೂತುಬಿಡುತ್ತದೆ.

ಸಾಮಾನ್ಯ ನಡಿಗೆಯಲ್ಲಿ ನಾವು ಗಂಟೆಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಿ ಹೋಗುತ್ತೇವೆ. ಅಂದರೆ ಎರಡು ಮೀಟರ್ ದೂರದಲ್ಲಿರುವ ಕಪ್ಪೆಯ ಹತ್ತಿರ ಯಂತ್ರ ಎರಡು ಸೆಕೆಂಡಿಗೂ ಮುಂಚೆ ಬಂದಿರುತ್ತದೆ. ಓಡುವ ಪ್ರಾಣಿಗೆ ನಾವು ಸಮಯ ಮತ್ತು ದಾರಿ ಕೊಡಬಹುದು. ಅವಿತು ಕೂರುವ ಪ್ರಾಣಿಯನ್ನು ಉಳಿಸುವುದು ಎರಡೇ: ನಮ್ಮ ಕಣ್ಣು, ಬ್ಲೇಡಿನ ಎತ್ತರ. ಮುಂದಿನ ಹೋಲಿಕೆಯಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

ಬ್ರಷ್ ಕಟ್ಟರ್, ಅಂದರೆ ನೈಲಾನ್ ದಾರದ ಯಂತ್ರ

ಕೈಯಲ್ಲಿ ಹಿಡಿದು ಅಥವಾ ಹೆಗಲಿಗೆ ತೂಗುಹಾಕಿಕೊಂಡು ಕತ್ತರಿಸುವ ಯಂತ್ರ ಇದು. ತುದಿಯಲ್ಲಿ ನೈಲಾನ್ ದಾರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ 1971ರಲ್ಲಿ ಇದನ್ನು ರೂಪಿಸಿದರು. ಕಾರು ತೊಳೆಯುವ ಕಡೆ ತಿರುಗುವ ಬ್ರಷ್ಷುಗಳನ್ನು ನೋಡಿ ಅವರಿಗೆ ಈ ಯೋಚನೆ ಬಂದಿತ್ತು. ಮರದ ಬುಡದ ಸುತ್ತ, ಮೋವರ್ (ಚಕ್ರದ ಮೇಲೆ ಓಡುವ ಹುಲ್ಲು ಕತ್ತರಿಸುವ ಯಂತ್ರ) ಹೋಗಲಾರದ ಕಡೆ, ಹುಲ್ಲು ತೆಗೆಯುವುದು ಅವರ ಉದ್ದೇಶವಾಗಿತ್ತು.

ತೊಂದರೆ ಇರುವುದೂ ಅಲ್ಲೇ. ಮೋವರ್ ಹೋಗದ ಜಾಗ ಯಾವುದು? ಬೇಲಿಯ ಸಾಲು, ಗೋಡೆಯ ಬುಡ, ಕಲ್ಲಿನ ಸಂದಿ, ಮರದ ಬುಡ, ಗೊಬ್ಬರದ ಗುಂಡಿಯ ಅಂಚು, ಕೊಳದ ದಡ. ತಂಪು, ನೆರಳು, ಹುಳುಹುಪ್ಪಟೆ ಎಲ್ಲ ಸಿಗುವುದು ಅಲ್ಲೇ. ಹಗಲೆಲ್ಲ ನೆಲಗಪ್ಪೆ ಮಲಗುವುದೂ ಅಲ್ಲೇ, ಹಾವುರಾಣಿ ಮೊಟ್ಟೆ ಇಡುವುದೂ ಅಲ್ಲೇ. ನಡುವಿನ ಬಯಲು ಹುಲ್ಲಿಗಿಂತ ಅಂಚಿನಲ್ಲಿ ಜೀವಿಗಳು ಜಾಸ್ತಿ. ಬ್ರಷ್ ಕಟ್ಟರ್ ಇಡೀ ದಿನ ಕೆಲಸ ಮಾಡುವುದು ಅಂಚಿನಲ್ಲೇ.

ದಾರ ಅಂದರೆ ಬ್ಲೇಡಿಗಿಂತ ಮೆತ್ತಗೆ ಅಂದುಕೊಳ್ಳಬೇಡಿ. ಬಟ್ಟೆ ಹಾಕಿದ ನಮ್ಮ ಕಾಲಿಗೆ ಬಡಿದರೇ ಬಾಸುಂಡೆ ಏಳುತ್ತದೆ. ಎಳೆ ಗಿಡದ ತೊಗಟೆಯನ್ನು ಸುತ್ತಲೂ ಸುಲಿದು ಗಿಡವನ್ನೇ ಒಣಗಿಸುವ ಶಕ್ತಿ ಅದಕ್ಕಿದೆ. ಕಪ್ಪೆಯ ತೆಳು ಚರ್ಮಕ್ಕೆ, ಹಲ್ಲಿಯ ಕಾಲಿಗೆ ಅದು ಏನು ಮಾಡಬಹುದು ಊಹಿಸಿ. ಬಡಿದು ಬಡಿದು ಸವೆದ ದಾರದ ಚೂರುಗಳು ಮಣ್ಣಿನಲ್ಲಿ ಉಳಿಯುತ್ತವೆ. ಅದೂ ಪ್ಲಾಸ್ಟಿಕ್ಕೇ.

ದಾರದ ಬದಲು ಲೋಹದ ಬ್ಲೇಡು ಹಾಕಿದರೆ ದಪ್ಪ ಕಳೆ, ಪೊದೆ ಬೇಗ ಮುಗಿಯುತ್ತದೆ. ಪ್ರಾಣಿಗಳ ದೃಷ್ಟಿಯಿಂದ ಅದು ಇನ್ನೂ ಕೆಟ್ಟದು. ದಾರ ಬಡಿದ ಪ್ರಾಣಿಗೆ ಗಾಯದೊಂದಿಗೆ ಬದುಕುವ ಒಂದಿಷ್ಟು ಸಾಧ್ಯತೆಯಾದರೂ ಇದೆ. ಪೊದೆಯಂಥ ಜಾಗಕ್ಕೆ ಲೋಹದ ಬ್ಲೇಡು ಬೇಕೇ ಬೇಕಾದರೆ ಮೊದಲ ಸುತ್ತನ್ನು ಮೊಣಕಾಲಿನ ಎತ್ತರದಲ್ಲಿ ಮುಗಿಸಿ. ಮಾರನೆಯ ದಿನ ಕೆಳಗಿನದು.

ಇಷ್ಟೆಲ್ಲ ಹೇಳಿದ ಮೇಲೂ ಬ್ರಷ್ ಕಟ್ಟರ್‌ಗೆ ಒಂದು ದೊಡ್ಡ ಗುಣವಿದೆ. ಅದರ ಎತ್ತರ ನಿಮ್ಮ ಕೈಯಲ್ಲಿದೆ. ಒಂದು ಗುಂಪು ಹುಲ್ಲನ್ನು ಬಿಟ್ಟು ಪಕ್ಕದ್ದನ್ನು ಕತ್ತರಿಸಬಹುದು. ತಲೆಯನ್ನು ಒಂದು ಗೇಣು ಮೇಲೆ ಹಿಡಿದು ಹೋಗಬಹುದು. ಅನುಮಾನ ಬಂದ ಕೂಡಲೇ ಮೇಲೆತ್ತಬಹುದು. ಹಾಗಾಗಿ ಜಾಗ್ರತೆಯಿಂದ ಹಿಡಿದವರ ಕೈಯಲ್ಲಿ ಇದು ಒಳ್ಳೆಯ ಉಪಕರಣ. ಅವಸರದವರ ಕೈಯಲ್ಲಿ ಈ ಪಟ್ಟಿಯಲ್ಲೇ ಅತಿ ಅಪಾಯಕಾರಿ. ಜೊತೆಗೆ ಕಿವಿಗೆ ಮಫ್, ಮುಖಕ್ಕೆ ಕವಚ ಹಾಕಿಕೊಂಡವರಿಗೆ ಹುಲ್ಲಿನೊಳಗಿನ ಚಿಕ್ಕ ಕೂಗು ಕೇಳುವುದಿಲ್ಲ. ಗಾರ್ಡಿನ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಕವಚ ತೆಗೆಯಿರಿ ಅಂತ ಖಂಡಿತ ಹೇಳುತ್ತಿಲ್ಲ. ನೋಡುವ ಕೆಲಸವನ್ನು ಯಂತ್ರ ಶುರು ಮಾಡುವ ಮೊದಲೇ ಮುಗಿಸಬೇಕು, ಅಷ್ಟೆ.

ಆ ಕೆಲಸ ಹೇಗೆ ಅಂದರೆ, ಮೊಣಕಾಲುದ್ದದ ಬೂಟು ಹಾಕಿ. ಉದ್ದ ಹಿಡಿಯ ಕುಂಟೆಯೋ ಕೋಲೋ ತೆಗೆದುಕೊಳ್ಳಿ. ಕತ್ತರಿಸಬೇಕಾದ ಜಾಗದಲ್ಲಿ ಹುಲ್ಲನ್ನು ಬುಡದ ತನಕ ಮೆಲ್ಲಗೆ ಬಗ್ಗಿಸುತ್ತಾ, ನೆಲ ತಟ್ಟುತ್ತಾ ಹೋಗಿ. ಬರೀ ಕೈ ಹಾಕಬೇಡಿ. ಒಣಗಿದ ಎಲೆಯ ಗುಪ್ಪೆ, ಹುಲ್ಲು ಗುಡ್ಡೆಗಟ್ಟಿದ ಜಾಗ, ಬಿದ್ದ ಹಲಗೆಯ ಪಕ್ಕ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಕಪ್ಪೆ ಸಿಕ್ಕರೆ ಒದ್ದೆ ಕೈಯಿಂದ ಎತ್ತಿ ನೆರಳಿನ ತಂಪು ಜಾಗಕ್ಕೆ ಬಿಡಿ. ಹಾವು ಕಂಡರೆ ಹಿಂದೆ ಸರಿದು ಅದಕ್ಕೆ ದಾರಿ ಕೊಡಿ. ಆ ದಿನ ಆ ಮೂಲೆ ಹಾಗೇ ಇರಲಿ.

ತಳ್ಳುವ ಮೋವರ್

ಇದರಲ್ಲಿ ಎರಡು ಬಗೆ. ಹಳೆಯದು ಸಿಲಿಂಡರ್ ಮೋವರ್. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಸುರುಳಿಯಾಕಾರದ ಬ್ಲೇಡುಗಳು ಉರುಳುತ್ತಾ ಕೆಳಗಿನ ಪಟ್ಟಿಯ ಮೇಲೆ ಹುಲ್ಲನ್ನು ಕತ್ತರಿಯ ಹಾಗೆ ಕತ್ತರಿಸುತ್ತವೆ. ಮೋಟಾರಿಲ್ಲದೆ ಕೈಯಿಂದ ತಳ್ಳುವ ಮಾದರಿಗಳು ಈಗಲೂ ಸಿಗುತ್ತವೆ. ನಿಧಾನ, ಸದ್ದು ಕಡಿಮೆ, ಮುಂದಿನ ನೆಲ ಚೆನ್ನಾಗಿ ಕಾಣುತ್ತದೆ. ನಡೆಯುವುದು ನಿಲ್ಲಿಸಿದರೆ ಬ್ಲೇಡೂ ನಿಲ್ಲುತ್ತದೆ. ಚಿಕ್ಕ, ಸಮತಟ್ಟಾದ ಜಾಗಕ್ಕೆ ಬಹಳ ಒಳ್ಳೆಯದು. ಆದರೆ ಹುಲ್ಲು ಉದ್ದವಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಇದನ್ನು ಇಟ್ಟುಕೊಂಡವರು ಹುಲ್ಲನ್ನು ಸದಾ ಮೋಟಾಗಿಯೇ ಇಡಬೇಕಾಗುತ್ತದೆ. ಹೂ ಬಿಡುವ ಪುಟ್ಟ ಗಿಡಗಳಿಗೆ ಅದು ಒಳ್ಳೆಯದಲ್ಲ.

ಇನ್ನೊಂದು ರೋಟರಿ ಮೋವರ್. ಇವತ್ತು ಎಲ್ಲ ಕಡೆ ಕಾಣುವುದು ಇದೇ. ಡೆಕ್ಕಿನ, ಅಂದರೆ ಮೇಲಿನ ಮುಚ್ಚಳದ, ಕೆಳಗೆ ಒಂದು ಉದ್ದ ಬ್ಲೇಡು ಫ್ಯಾನಿನಂತೆ ತಿರುಗುತ್ತದೆ. 46 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 3000 ಸುತ್ತು ಹಾಕಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್ ಆಗುತ್ತದೆ. ಬ್ಲೇಡಿನ ಆಕಾರ ಗಾಳಿಯನ್ನು ಮೇಲಕ್ಕೆ ಸೆಳೆಯುವಂತಿರುತ್ತದೆ. ಬಾಗಿದ ಹುಲ್ಲು ನೆಟ್ಟಗಾಗಿ ಕತ್ತರಿಗೆ ಸಿಗಲಿ ಅಂತ ಹಾಗೆ ಮಾಡಿರುತ್ತಾರೆ. ಆ ಸೆಳೆತಕ್ಕೆ ಹುಲ್ಲಿನ ಜೊತೆ ಜೇಡ, ಮಿಡತೆಮರಿ, ಮರಿಹುಳುಗಳೂ ಎದ್ದು ಬರುತ್ತವೆ. ಹುಲ್ಲನ್ನು ಮತ್ತೆ ಮತ್ತೆ ಕೊಚ್ಚಿ ಪುಡಿ ಮಾಡಿ ನೆಲಕ್ಕೇ ಬಿಡುವ ಮಲ್ಚಿಂಗ್ ವ್ಯವಸ್ಥೆ ಇದ್ದರಂತೂ ಒಳಗೆ ಹೋದದ್ದು ಯಾವುದೂ ಉಳಿಯುವುದಿಲ್ಲ. ಹುಲ್ಲಿನ ಗರಿಗೆ ಅಂಟಿಸಿದ ಚಿಟ್ಟೆಯ ಮೊಟ್ಟೆಗಳೂ ಅಷ್ಟೇ. ಮಲ್ಚಿಂಗಿನಿಂದ ಮಣ್ಣಿಗೆ ಗೊಬ್ಬರ ಸಿಗುತ್ತದೆ ಅನ್ನುವುದು ನಿಜ. ಆದರೆ ಉದ್ದ ಬೆಳೆದ, ಹೂವಿರುವ ಹುಲ್ಲಿನ ಮೇಲೆ ಅದನ್ನು ಬಳಸಬೇಡಿ. ಕತ್ತರಿಸಿದ್ದನ್ನು ಒಂದೆರಡು ದಿನ ಬಿದ್ದಲ್ಲೇ ಬಿಡಿ. ಉಳಿದ ಹುಳುಗಳು ಹೊರಗೆ ಹರಿದು ಹೋಗುತ್ತವೆ. ಆಮೇಲೆ ಕುಂಟೆಯಲ್ಲಿ ಎಳೆದು ತೆಗೆಯಿರಿ. ಹಾಗೆ ತೆಗೆದ ಜಾಗದಲ್ಲಿ ಮಣ್ಣಿನ ಸಾರ ಮೆಲ್ಲಗೆ ಕಡಿಮೆಯಾಗಿ, ಬಲವಾಗಿ ಬೆಳೆಯುವ ಹುಲ್ಲಿನ ಅಬ್ಬರ ಇಳಿದು, ಹೂ ಗಿಡಗಳಿಗೆ ಜಾಗ ಸಿಗುತ್ತದೆ.

ರೋಟರಿ ಮೋವರ್ ಕೊಳ್ಳುವವರು ಒಂದು ಸಂಖ್ಯೆ ನೋಡಲೇಬೇಕು: ಅತಿ ಎತ್ತರದ ಸೆಟ್ಟಿಂಗ್ ಎಷ್ಟು? ಕೆಲವು ಅಗ್ಗದ ಮಾದರಿಗಳಲ್ಲಿ ಅದು 5 ಅಥವಾ 6 ಸೆಂಟಿಮೀಟರಿಗೇ ನಿಲ್ಲುತ್ತದೆ. 8 ರಿಂದ 10 ಸೆಂಟಿಮೀಟರ್ ತನಕ ಏರಿಸಬಹುದಾದ ಮಾದರಿ ಸಿಕ್ಕರೆ ಉಳಿದ ಎಷ್ಟೋ ಸೌಲಭ್ಯಗಳನ್ನು ಬಿಟ್ಟುಕೊಟ್ಟಾದರೂ ಅದನ್ನೇ ಆರಿಸಿ. ನೆಲಕ್ಕೆ ಮೈಯೊತ್ತಿ ಕೂತ ಕಪ್ಪೆಯ ಬೆನ್ನಿನ ಮೇಲೆ ಬ್ಲೇಡು ಮುಟ್ಟದೆ ಹಾದು ಹೋಗುವುದೋ ಇಲ್ಲವೋ ಅನ್ನುವುದನ್ನು ಆ ಮೂರ್ನಾಲ್ಕು ಸೆಂಟಿಮೀಟರೇ ತೀರ್ಮಾನಿಸುತ್ತದೆ. ಹುಲ್ಲಿಗೂ ಇದರಿಂದ ಒಳ್ಳೆಯದೇ. ಎತ್ತರವಾಗಿ ಬಿಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ, ನೆಲ ಬೇಗ ಒಣಗುವುದಿಲ್ಲ.

ಕೂತು ಓಡಿಸುವ ದೊಡ್ಡ ಮೋವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲ ಜಾಸ್ತಿ, ವೇಗ ಜಾಸ್ತಿ, ಮುಂದಿನ ನೆಲ ಬಾನೆಟ್ಟಿನ ಮರೆಯಲ್ಲಿ. ದೊಡ್ಡ ಜಾಗಕ್ಕೆ ಬೇರೆ ದಾರಿಯಿಲ್ಲದಿದ್ದರೆ ಮೊದಲು ನಡೆದು ನೋಡಿ, ಆಮೇಲೆ ನಿಧಾನದ ಗೇರಿನಲ್ಲಿ ಓಡಿಸಿ.

ರೋಬೋಟ್ ಮೋವರ್

ಸ್ವೀಡನ್ನಿನ ಹಸ್ಕ್‌ವಾರ್ನಾ ಕಂಪನಿ 1995ರಲ್ಲಿ ಸೌರಶಕ್ತಿಯಿಂದ ಓಡುವ ರೋಬೋಟ್ ಮೋವರನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಇವು ಬಹಳ ಬದಲಾಗಿವೆ. ಸದ್ದಿಲ್ಲ, ಹೊಗೆಯಿಲ್ಲ, ನಮ್ಮ ಸಮಯ ಬೇಡ. ಆದರೆ ಅವಿತು ಕೂರುವ ಪ್ರಾಣಿಗೆ ಉಳಿದಿದ್ದ ಎರಡು ರಕ್ಷಣೆಯಲ್ಲಿ ಒಂದನ್ನು, ಅಂದರೆ ಮನುಷ್ಯನ ಕಣ್ಣನ್ನು, ಇದು ತೆಗೆದುಹಾಕಿಬಿಡುತ್ತದೆ.

ಈ ವಿಷಯದಲ್ಲಿ ಊಹೆಯ ಅಗತ್ಯವಿಲ್ಲ, ಪರೀಕ್ಷೆ ಮಾಡಿದವರಿದ್ದಾರೆ. ಡೆನ್ಮಾರ್ಕಿನ ಸಂಶೋಧಕಿ ಸೋಫಿ ಲುಂಡ್ ರಾಸ್ಮುಸೆನ್ ಮತ್ತು ಜೊತೆಗಾರರು 18 ಬಗೆಯ ರೋಬೋಟ್ ಮೋವರುಗಳನ್ನು ತೆಗೆದುಕೊಂಡು, ಮೊದಲೇ ಸತ್ತಿದ್ದ ಹೆಜ್‌ಹಾಗ್‌ಗಳನ್ನು ಅವುಗಳ ದಾರಿಯಲ್ಲಿಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಯಂತ್ರವೂ ಪ್ರಾಣಿಯನ್ನು ಮುಟ್ಟದೆ ಗುರುತಿಸಲಿಲ್ಲ. 200 ಗ್ರಾಮಿಗಿಂತ ಕಡಿಮೆ ತೂಕದ ಮರಿಗಳನ್ನಂತೂ ಯಾವ ಮಾದರಿಯೂ ಗುರುತಿಸಲಿಲ್ಲ. ಕೆಲವು ಯಂತ್ರಗಳು ಭೀಕರ ಗಾಯ ಮಾಡಿದವು. ಕೆಲವು ಏನೂ ಮಾಡಲಿಲ್ಲ.

ಕೊಳ್ಳುವವರಿಗೆ ಉಪಯೋಗವಾಗುವುದು ಈ ಕೊನೆಯ ವ್ಯತ್ಯಾಸ. ಮೂರು ಅಂಶಗಳಿದ್ದ ಯಂತ್ರಗಳು ಹೆಚ್ಚು ಸುರಕ್ಷಿತವಾಗಿದ್ದವು. ಒಂದು, ಏನಾದರೂ ತಗುಲಿದರೆ ಒಳಕ್ಕೆ ಮಡಚಿಕೊಳ್ಳುವ ಬ್ಲೇಡು. ಎರಡು, ಬ್ಲೇಡಿನ ಕೆಳಗೆ ನೆಲವನ್ನು ಸವರಿಕೊಂಡು ಹೋಗುವ ತಟ್ಟೆ. ಮೂರು, ಮುಂದಿನ ಚಕ್ರಗಳಿಂದ ಎಳೆಯುವ ವ್ಯವಸ್ಥೆ. ಅಂಗಡಿಯಲ್ಲಿ ಯಂತ್ರವನ್ನು ಬ್ಯಾಟರಿ ತೆಗೆಸಿ ತಲೆಕೆಳಗು ಮಾಡಿ ತೋರಿಸಲು ಹೇಳಿ. ಒಂದೇ ಗಟ್ಟಿ ಬ್ಲೇಡು ನೇರವಾಗಿ ತೆರೆದುಕೊಂಡಿದ್ದರೆ ಅದು ಬೇಡ. ತಟ್ಟೆಯ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ಬ್ಲೇಡುಗಳು ಸಡಿಲವಾಗಿ ತಿರುಗುತ್ತಿದ್ದರೆ, ಅದರ ಕೆಳಗೆ ಇನ್ನೊಂದು ತಟ್ಟೆ ಇದ್ದರೆ, ಅದು ವಾಸಿ. ಕ್ಯಾಮೆರಾ ಇರುವ ಮಾದರಿಗಳು ಅಡೆತಡೆಗಳನ್ನು ದೂರದಿಂದಲೇ ಕಂಡುಹಿಡಿಯಲು ನೋಡುತ್ತವೆ. ಒಳ್ಳೆಯದೇ. ಆದರೆ ಹುಲ್ಲಿನೊಳಗೆ ಮಣ್ಣಿನ ಬಣ್ಣದಲ್ಲಿ ಕೂತ ಹೆಬ್ಬೆರಳು ಗಾತ್ರದ ಕಪ್ಪೆಯನ್ನು ಅದು ನೋಡುತ್ತದೆ ಅಂತ ನಂಬಿ ಕೂರಬೇಡಿ.

ಯಾವ ಮಾದರಿಯೇ ಇರಲಿ, ರಾತ್ರಿ ಓಡಿಸಬಾರದು. ಹೆಜ್‌ಹಾಗ್, ನೆಲಗಪ್ಪೆ, ಬಸವನಹುಳು ಎಲ್ಲ ಹೊರಗೆ ಬರುವುದು ಕತ್ತಲಾದ ಮೇಲೆ. ಜರ್ಮನಿಯ ಕಲೋನ್ ನಗರ 2024ರಲ್ಲಿ ರೋಬೋಟ್ ಮೋವರುಗಳ ರಾತ್ರಿ ಓಡಾಟವನ್ನೇ ನಿಷೇಧಿಸಿತು. ಅದೇ ವರ್ಷ ಪಶ್ಚಿಮ ಯುರೋಪಿನ ಹೆಜ್‌ಹಾಗ್, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಹತ್ತಿರವಾದ ಪ್ರಾಣಿಗಳ ಸಾಲಿಗೆ ಸೇರಿತು. ಟೈಮರನ್ನು ಹಗಲಿಗೆ ಹೊಂದಿಸಲು ಒಂದು ನಿಮಿಷ ಸಾಕು. ಈ ಒಂದು ನಿಮಿಷದ ಕೆಲಸ ಮಾಡದವರು ರೋಬೋಟ್ ಇಟ್ಟುಕೊಳ್ಳಬಾರದು ಅನ್ನುವಷ್ಟು ಖಡಾಖಂಡಿತವಾಗಿ ಹೇಳುತ್ತೇನೆ.

ರೋಬೋಟಿಗೆ ಇನ್ನೊಂದು ಅಭ್ಯಾಸವಿದೆ. ಅದು ದಿನಾ ಚೂರುಚೂರೇ ಕತ್ತರಿಸುತ್ತದೆ. ಹಾಗಾಗಿ ಹೂವು ಅರಳಲು ಬಿಡುವೇ ಸಿಗುವುದಿಲ್ಲ. ಜೇನ್ನೊಣಗಳಿಗೆ ಅಲ್ಲಿ ಏನೂ ಇರುವುದಿಲ್ಲ. ವಾರಕ್ಕೆ ಎರಡು ದಿನ ಸಾಕು ಅಂತ ಹೊಂದಿಸಿ. ಒಂದು ಭಾಗವನ್ನು ಅದರ ಗಡಿಯಿಂದ ಹೊರಗಿಡಿ.

ಅಲಗಿನ ಪಟ್ಟಿಯ ಯಂತ್ರ, ಕುಡುಗೋಲು, ಕತ್ತರಿ

ಹಲ್ಲುಹಲ್ಲಾದ ಎರಡು ಅಲಗಿನ ಪಟ್ಟಿಗಳು ಅತ್ತಿತ್ತ ಸರಿಯುತ್ತಾ ಹುಲ್ಲು ಕತ್ತರಿಸುವ ಯಂತ್ರಗಳಿವೆ. ನಡೆದು ತಳ್ಳುವ ದೊಡ್ಡವೂ ಇವೆ, ಕೈಯಲ್ಲಿ ಹಿಡಿಯುವ ಬ್ಯಾಟರಿ ಕತ್ತರಿಗಳೂ ಇವೆ. ಇವು ಹುಲ್ಲನ್ನು ಒಂದೇ ಕಡೆ ಕತ್ತರಿಸಿ ಮಲಗಿಸುತ್ತವೆ. ಸೆಳೆತವಿಲ್ಲ, ಕೊಚ್ಚುವುದಿಲ್ಲ. ಹುಲ್ಲಿನ ಮೇಲಿದ್ದ ಕೀಟ ಹುಲ್ಲಿನ ಜೊತೆಗೇ ಕೆಳಗೆ ಬಿದ್ದು, ಹೆಚ್ಚಾಗಿ ಜೀವಂತ ಎದ್ದು ಹೋಗುತ್ತದೆ. ರೋಟರಿ ಯಂತ್ರಕ್ಕಿಂತ ಇದರಿಂದ ಕೀಟಗಳಿಗೆ ಆಗುವ ಹಾನಿ ಬಹಳ ಕಡಿಮೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಕತ್ತರಿಸುವ ಉದ್ದ ಹುಲ್ಲಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಪಟ್ಟಿಯನ್ನು ನೆಲಕ್ಕೆ ತಾಗಿಸಿ ಓಡಿಸಿದರೆ ಕಪ್ಪೆಯ ಕಾಲು ಇದರಲ್ಲೂ ಹೋಗುತ್ತದೆ. ಎತ್ತರದ ಮಾತು ಇಲ್ಲೂ ತಪ್ಪಿದ್ದಲ್ಲ.

ಕುಡುಗೋಲು ಮತ್ತು ಕೈಕತ್ತರಿ ಯಂತ್ರವಲ್ಲ. ಆದರೂ ಹೋಲಿಕೆಯಲ್ಲಿ ಇರಲೇಬೇಕು. ಮರದ ಬುಡ, ಗೋಡೆಯ ಅಂಚು, ಕೊಳದ ದಡಕ್ಕೆ ಇದಕ್ಕಿಂತ ಸುರಕ್ಷಿತವಾದದ್ದು ಬೇರೆ ಇಲ್ಲ. ಕೈ ಎಲ್ಲಿದೆಯೋ ಕಣ್ಣೂ ಅಲ್ಲೇ ಇರುತ್ತದೆ. ನಮ್ಮ ಕೈ ಹುಲ್ಲಿನೊಳಗೆ ಹೋಗುವುದರಿಂದ ಹಾವಿರುವ ಕಡೆ ನಮಗೇ ಅಪಾಯ ಅನ್ನುವುದೊಂದು ತೊಡಕು. ದಪ್ಪ ಗ್ಲೌಸು, ಉದ್ದ ಹಿಡಿಯ ಕತ್ತರಿ ಇದಕ್ಕೆ ಪರಿಹಾರ.

ಪೆಟ್ರೋಲೋ, ಬ್ಯಾಟರಿಯೋ

ಬ್ಯಾಟರಿ. ಹೊಗೆ, ಸದ್ದಿನ ಮಾತು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನಿಸುವ ಕಾರಣ ಬೇರೆ. ಬ್ಯಾಟರಿ ಯಂತ್ರ ಗುಂಡಿ ಬಿಟ್ಟ ಕೂಡಲೇ ನಿಲ್ಲುತ್ತದೆ, ಒತ್ತಿದ ಕೂಡಲೇ ಶುರುವಾಗುತ್ತದೆ. ಹಾಗಾಗಿ "ಅಲ್ಲೇನೋ ಅಲ್ಲಾಡಿತಲ್ಲ" ಅನಿಸಿದಾಗ ನಿಲ್ಲಿಸಿ ನೋಡಲು ಬೇಸರವಾಗುವುದಿಲ್ಲ. ಹಗ್ಗ ಎಳೆದೆಳೆದು ಶುರು ಮಾಡಿದ ಎಂಜಿನ್ನನ್ನು ಒಂದು ಅನುಮಾನಕ್ಕಾಗಿ ಆಫ್ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಗುಂಡಿ ಬಿಟ್ಟರೂ ಬ್ಲೇಡು ಪೂರ್ತಿ ನಿಲ್ಲಲು ಕೆಲವು ಕ್ಷಣ ಬೇಕು. ಅಷ್ಟು ಹೊತ್ತು ಅಲ್ಲಾಡಿಸದೆ ಹಿಡಿದಿರಿ.

ಪೆಟ್ರೋಲ್ ಯಂತ್ರವೇ ಇದ್ದರೆ ಅದಕ್ಕೆ ಇಂಧನ ತುಂಬಿಸುವುದನ್ನು ಕೊಳ, ಚರಂಡಿ, ಹುಲ್ಲಿನಿಂದ ದೂರ ಮಾಡಿ. ಕಪ್ಪೆಯ ಚರ್ಮ ನೀರನ್ನು ಹೀರುವಂತೆ ನೀರಿನಲ್ಲಿ ಸೇರಿದ ವಿಷವನ್ನೂ ಹೀರುತ್ತದೆ.

ಯಾವ ಹೊತ್ತು, ಯಾವ ದಿಕ್ಕು

ಯಂತ್ರ ಯಾವುದು ಅನ್ನುವುದರಷ್ಟೇ ಇದೂ ಮುಖ್ಯ. ಇಲ್ಲಿ ಒಂದು ಇಕ್ಕಟ್ಟಿದೆ. ಹಲ್ಲಿ, ಹಾವುಗಳು ಚುರುಕಾಗಿ ಓಡಬೇಕಾದರೆ ಬಿಸಿಲೇರಿರಬೇಕು. ಬೆಳಗಿನ ಇಬ್ಬನಿಯಲ್ಲಿ ಕಪ್ಪೆ, ಬಸವನಹುಳು ಇನ್ನೂ ಹುಲ್ಲಿನಲ್ಲೇ ಇರುತ್ತವೆ. ಹಾಗಾದರೆ ಮಧ್ಯಾಹ್ನ ಕತ್ತರಿಸೋಣ ಅಂದರೆ ಹೂವಿನ ಮೇಲೆ ಜೇನ್ನೊಣ, ಚಿಟ್ಟೆಗಳು ತುಂಬಿರುವುದು ಆಗಲೇ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಕಳೆದುಕೊಂಡ ಹಾಗಾಗುತ್ತದೆ.

ಹುಲ್ಲಿನಲ್ಲಿ ಹೂವಿಲ್ಲದಿದ್ದರೆ ನಡು ಹಗಲೇ ಒಳ್ಳೆಯದು. ಹೂವಿದ್ದರೆ ಇಳಿಹೊತ್ತು ಆರಿಸಿ. ಜೇನ್ನೊಣಗಳ ಓಡಾಟ ತಗ್ಗಿರಬೇಕು, ನೆಲ ಇನ್ನೂ ಬೆಚ್ಚಗಿರಬೇಕು. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗಲೇ ಯಂತ್ರ ಒಳಗಿಡಿ. ಮಳೆ ನಿಂತ ತಕ್ಷಣ ಮಾತ್ರ ಯಾವ ಹುಲ್ಲಿಗೂ ಯಂತ್ರ ಬೇಡ.

ಇನ್ನು ದಿಕ್ಕು. ಸುತ್ತಲಿನಿಂದ ಶುರು ಮಾಡಿ ನಡುವಿಗೆ ಬರುವುದು ಹಲವರ ಅಭ್ಯಾಸ. ಅದರಿಂದ ಪ್ರಾಣಿಗಳೆಲ್ಲ ನಡುವೆ ಉಳಿದ ಹುಲ್ಲಿಗೆ ಸೇರುತ್ತವೆ. ಬೋಳಾದ ನೆಲ ದಾಟಲು ಹೆದರಿ ಅಲ್ಲೇ ಉಳಿಯುತ್ತವೆ. ಕೊನೇ ಸುತ್ತಿನಲ್ಲಿ ಯಂತ್ರ ಅಲ್ಲಿಗೇ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಕಾರ್ನ್‌ಕ್ರೇಕ್ ಎಂಬ ಹಕ್ಕಿಯ ಮರಿಗಳು ಹುಲ್ಲುಗಾವಲಿನಲ್ಲಿ ಹೀಗೆ ಸಾಯುವುದನ್ನು ತಪ್ಪಿಸಲು ರೈತರು ನಡುವಿನಿಂದ ಹೊರಕ್ಕೆ ಕತ್ತರಿಸುವ ಕ್ರಮ ಹಿಡಿದರು. ಅದೇ ಕ್ರಮ ಚಿಕ್ಕ ಅಂಗಳಕ್ಕೂ ಸರಿ. ಒಂದು ಪಕ್ಕ ಗೋಡೆ ಇದ್ದರೆ ಗೋಡೆಯಿಂದ ಶುರು ಮಾಡಿ ಪೊದೆಯ ಕಡೆಗೆ ಹೋಗಿ. ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ ಎರಡು ಸಲಕ್ಕೆ ಕತ್ತರಿಸಿ. ಮೊದಲು 15 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಸಾಧ್ಯವಾದರೆ ಒಂದು ರಾತ್ರಿ ಕಳೆದು, ಮತ್ತೆ ನಡೆದು ನೋಡಿ ಆಮೇಲೆ ಉಳಿದದ್ದು.

ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೂ ಒಂದು ಅಧ್ಯಯನವಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ 16 ಮನೆಗಳ ಹುಲ್ಲನ್ನು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ಕತ್ತರಿಸಿ ಹೋಲಿಸಿದರು. 2018ರಲ್ಲಿ ಪ್ರಕಟವಾದ ಅದರ ಪ್ರಕಾರ, ಮೂರು ವಾರ ಬಿಟ್ಟ ಕಡೆ ಹೂವುಗಳು ಎರಡೂವರೆ ಪಟ್ಟು ಜಾಸ್ತಿ ಇದ್ದವು. ಜೇನ್ನೊಣಗಳ ಸಂಖ್ಯೆ ಎರಡು ವಾರಕ್ಕೊಮ್ಮೆ ಕತ್ತರಿಸಿದ ಕಡೆ ಅತಿ ಹೆಚ್ಚಿತ್ತು. ಅಂದರೆ ಹುಲ್ಲನ್ನು ಕಾಡು ಬಿಡಬೇಕಾಗಿಲ್ಲ. ಒಂದು ವಾರ ಸುಮ್ನೆ ಬಿಟ್ಟರೂ ವ್ಯತ್ಯಾಸ ಕಾಣುತ್ತದೆ.

ಹಾಗಾದರೆ ಯಾವುದು?

ಚಿಕ್ಕ ಅಂಗಳ, ಸಮತಟ್ಟು ನೆಲ, ಹುಲ್ಲು ಗಿಡ್ಡವಾಗಿರಬೇಕು ಅನ್ನುವವರಿಗೆ ಕೈಯಿಂದ ತಳ್ಳುವ ಸಿಲಿಂಡರ್ ಮೋವರ್, ಜೊತೆಗೆ ಅಂಚಿಗೆ ಒಂದು ಕೈಕತ್ತರಿ. ಇದಕ್ಕಿಂತ ಕಡಿಮೆ ಹಾನಿಯ ಜೋಡಿ ಇಲ್ಲ. ಮಧ್ಯಮ ಜಾಗ, ಮಕ್ಕಳು ಆಡುವ ಹುಲ್ಲು ಅಂದರೆ ಎತ್ತರ ಚೆನ್ನಾಗಿ ಏರಿಸಬಹುದಾದ ಬ್ಯಾಟರಿ ರೋಟರಿ ಮೋವರ್. ಏರುಪೇರಿನ ನೆಲ, ಕಲ್ಲು, ಪೊದೆ ಇರುವ ಕಡೆ ಬ್ಯಾಟರಿಯ ಬ್ರಷ್ ಕಟ್ಟರ್ ಬಿಟ್ಟು ಬೇರೆ ಉಪಾಯವಿಲ್ಲ. ಅಲ್ಲಿ ದಾರವೇ ಇರಲಿ, ಲೋಹದ ಬ್ಲೇಡು ಬೇಡ. ವರ್ಷಕ್ಕೆ ಒಂದೆರಡು ಸಲ ಕತ್ತರಿಸುವ ದೊಡ್ಡ ಹುಲ್ಲುಗಾವಲಿಗೆ ಅಲಗಿನ ಪಟ್ಟಿಯ ಯಂತ್ರ. ಕೊಳ್ಳಲು ಭಾರಿಯಾದರೆ ಬಾಡಿಗೆಗೆ ತನ್ನಿ. ರೋಬೋಟನ್ನು ನಾನಾಗಿ ಶಿಫಾರಸು ಮಾಡುವುದಿಲ್ಲ. ವಯಸ್ಸು, ಆರೋಗ್ಯದ ಕಾರಣಕ್ಕೆ ಬೇಕೇ ಬೇಕಾದವರಿಗೆ ಮೇಲೆ ಹೇಳಿದ ಮೂರು ಅಂಶ ಮತ್ತು ಹಗಲಿನ ಟೈಮರ್ ಕಡ್ಡಾಯ.

ಕೆಲಸದ ನಡುವೆ ಗಾಯಗೊಂಡ ಪ್ರಾಣಿ ಸಿಕ್ಕರೆ ಯಂತ್ರ ಆಫ್ ಮಾಡಿ. ಸಣ್ಣ ಪ್ರಾಣಿಯಾದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಾಗಿ ಬೆಚ್ಚಗಿರುವಂತೆ ಇಟ್ಟು, ಪಶುವೈದ್ಯರಿಗೋ ವನ್ಯಜೀವಿ ರಕ್ಷಣೆಯವರಿಗೋ ಬೇಗ ತಲುಪಿಸಿ. ಹಾಲು ಕುಡಿಸಬೇಡಿ. ಗಾಯಗೊಂಡ ಹಾವನ್ನು ಮುಟ್ಟಲೇಬೇಡಿ, ತಿಳಿದವರನ್ನು ಕರೆಯಿರಿ. ಮೊಲದ ಮರಿ ಒಂಟಿಯಾಗಿ ಕಂಡಿತು ಅಂತ ಎತ್ತಿಕೊಂಡು ಬರಬೇಡಿ. ಅದು ಅನಾಥವಲ್ಲ, ತಾಯಿ ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ಗೂಡು ಸಿಕ್ಕರೆ ಸುತ್ತ ಎರಡು ಮೂರು ಮೀಟರ್ ಹುಲ್ಲನ್ನು ಹಾಗೇ ಬಿಟ್ಟು, ದೂರದಿಂದ ಕಾಣುವಂತೆ ನಾಲ್ಕು ಕೋಲು ನೆಡಿ. ಮರಿಗಳು ಹಾರಿಹೋದದ್ದು ಖಾತ್ರಿಯಾಗುವ ತನಕ ಆ ಕೋಲು ಕೀಳಬೇಡಿ. ನಿಮ್ಮ ಬದಲು ಬೇರೆ ಯಾರಾದರೂ ಕತ್ತರಿಸಲು ಬರುವುದಿದ್ದರೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ಯಂತ್ರ ಕೈಗೆ ಕೊಡಿ.